ನ್ಯಾವಿಗೇಷನ್ ಇಲ್ಲದೆ ಕಣ್ಣಿನ ನರದ ಪಕ್ಕದ ಲೋಳೆ ಚೀಲ ತೆರೆದಿದ್ದು: ನನ್ನ ಅನುಭವ

“ನ್ಯಾವಿಗೇಷನ್ ಇಲ್ಲದೆ ಅಲ್ಲಿಗೆ ಕೈ ಹಾಕ್ತೀಯಾ? ಸುಮ್ನೆ ಬೆಂಗಳೂರಿಗೆ ಕಳಿಸು ಮಾರಾಯ.”

ಡಿಸೆಂಬರ್‌ನಲ್ಲಿ ನಮ್ಮ ಬ್ಯಾಚಿನ ಮೂರು ಜನ ಡಾಕ್ಟರಿಗೆ ಒಬ್ಬ ಅಮ್ಮನ ಸಿಟಿ ಫಿಲ್ಮಿನ ಫೋಟೊ ಕಳಿಸಿದ್ದೆ. ನ್ಯಾವಿಗೇಷನ್ ಅಂದರೆ ಆಪರೇಷನ್ ನಡೆಯುವಾಗ ಉಪಕರಣದ ತುದಿ ಎಲ್ಲಿದೆ ಅಂತ ಸ್ಕ್ಯಾನ್ ಮೇಲೆ ತೋರಿಸುವ ಯಂತ್ರ, ನನ್ನಲ್ಲಿಲ್ಲ. ಮೂವರದೂ ಇದೇ ಉತ್ತರ. ಅದರಲ್ಲೊಬ್ಬ ನಗುವ ಮುಖ ಬೇರೆ ಹಾಕಿದ್ದ. ಈಗ 4 ತಿಂಗಳಾಯಿತು. ಆ ಅಮ್ಮ ಬಲಗಣ್ಣು ಮುಚ್ಚಿಕೊಂಡು, ಆಗ ಮಂಜಾಗಿದ್ದ ಎಡಗಣ್ಣೊಂದರಲ್ಲೇ, ನಮ್ಮ ಗೋಡೆಯ ಕ್ಯಾಲೆಂಡರಿನ ರಾಹುಕಾಲ ಓದಿ ಹೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವೆಲ್ಲ ಇದೇ ಕಸುಬಿನವರು, ಮ್ಯುಕೋಸೀಲ್ (ಸೈನಸ್ಸಿನ ಬಾಯಿ ಮುಚ್ಚಿ, ಲೋಳೆ ತುಂಬಿ ಊದುವ ಚೀಲ) ಬಗ್ಗೆ ಉದ್ದ ಪಾಠ ಹೇಳಲ್ಲ.

ಅವರು ಬಂದಿದ್ದು ತಲೆನೋವಿಗೆ. ನೆತ್ತಿಯಲ್ಲಿ, ಕಣ್ಣಿನ ಹಿಂದೆ ಆಳದಲ್ಲಿ ನೋವು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಅದೇನಮ್ಮಾ ಅಂದೆ. “ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗ್ತು ಡಾಕ್ಟ್ರೇ, ಎಡಗಣ್ಣು ಮಂಜಾಗಿದೆ, ಅಳತೆ ಸಿಕ್ಕಲ್ಲ” ಅಂದರು. 30 ವರ್ಷದಿಂದ ಅಡಿಕೆ ಸುಲಿದವರ ಕೈಗೆ ಕತ್ತಿ ತಾಗಿದೆ ಅಂದರೆ ಅದನ್ನು ಸುಮ್ನೆ ಬಿಡೋ ಹಾಗಿಲ್ಲ, ಅಲ್ವಾ?

ಆಗಲೇ ಒಬ್ಬ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದಿದ್ದರು. ಫಂಡಸ್ (ಕಣ್ಣಿನ ಹಿಂಪರದೆ) ನಾರ್ಮಲ್, ಆಪ್ಟಿಕ್ ನ್ಯೂರೈಟಿಸ್ (ಕಣ್ಣಿನ ನರದ ಉರಿಯೂತ) ಅಂತ ಬರೆದು 3 ದಿನ ಸ್ಟಿರಾಯ್ಡ್ ಡ್ರಿಪ್ ಕೊಟ್ಟಿದ್ದರು. ವಾರದಲ್ಲಿ ದೃಷ್ಟಿ ಬಂತು, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಹೋಯಿತು. ಇಲ್ಲೇ ಎಲ್ಲರೂ ಎಡವುವುದು. ಸ್ಟಿರಾಯ್ಡ್‌ಗೆ ಊತ ಇಳಿಯುತ್ತೆ, ನರ ಸ್ವಲ್ಪ ಉಸಿರಾಡುತ್ತೆ, ಚೀಲ ಮಾತ್ರ ಇದ್ದಲ್ಲೇ ಇರುತ್ತೆ.

ನಾನು ಮೇಜಿನ ಖಾನೆಯಲ್ಲಿ ಒಂದು ಕುಂಕುಮದ ಡಬ್ಬಿ ಇಟ್ಟಿರುತ್ತೇನೆ. ಒಂದೊಂದೇ ಕಣ್ಣು ಮುಚ್ಚಿಸಿ ತೋರಿಸಿದೆ. ಬಲಗಣ್ಣಿಗೆ ಕುಂಕುಮ. ಎಡಗಣ್ಣಿಗೆ? “ಇದು ಕಾವಿ ಬಣ್ಣ ಅಲ್ವಾ?” ಅಂದರು. ನರ ಒತ್ತುತ್ತಿದ್ದರೆ ಕೆಂಪು ಮೊದಲು ಮಾಸುತ್ತೆ. ಟಾರ್ಚ್ ಆ ಕಣ್ಣಿಂದ ಈ ಕಣ್ಣಿಗೆ ಆಡಿಸಿದೆ, ಎಡಗಡೆ ಬೆಳಕು ಬಿದ್ದಾಗ ಪಾಪೆ ಕಿರಿದಾಗುವ ಬದಲು ಅಗಲವಾಯಿತು, ಅಂದರೆ ಆ ನರ ಸೋತಿದೆ. ಎರಡು ಮೀಟರಿನಾಚೆ ಬೆರಳು ಎಣಿಸಲಾಗುತ್ತಿರಲಿಲ್ಲ. ಅವತ್ತೇ ಶಿವಮೊಗ್ಗಕ್ಕೆ ಸಿಟಿಗೆ ಕಳಿಸಿದೆ, 1 ಎಂಎಂ ಕಟ್ಸ್ (ತೆಳು ಪದರದ ಚಿತ್ರ) ಬೇಕು ಅಂತ ಫೋನಲ್ಲೂ ಹೇಳಿದೆ.

ಬಂದಿದ್ದು ಓನೋಡಿ ಸೆಲ್. ಹಿಂದಿನ ಎಥ್ಮಾಯ್ಡ್ ಸೆಲ್ಲು, ಅಂದರೆ ಕಣ್ಣುಗಳ ನಡುವಿನ ಗಾಳಿ ಗೂಡು, ಸ್ಫಿನಾಯ್ಡ್ (ಮೂಗಿನ ತೀರಾ ಹಿಂದಿನ ಸೈನಸ್) ಮೇಲೆ ಹತ್ತಿ ಕೂತು, ಲೋಳೆ ತುಂಬಿ ಬಲೂನಿನಂತೆ ಊದಿತ್ತು. ನರದ ಪಕ್ಕ 3-4 ಎಂಎಂ ಜಾಗದಲ್ಲಿ ಮೂಳೆಯೇ ಇಲ್ಲ. ಎಂಆರ್‌ಐ ವಿಷಯದಲ್ಲಿ ಒಂದು ಮಾತು: ಲೋಳೆ ಹಳತಾಗಿ ಗಟ್ಟಿಯಾಗಿದ್ದರೆ ಟಿ2 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪಗೆ, ಗಾಳಿಯಂತೆ ಕಾಣುತ್ತೆ. ಸೈನಸ್ ಖಾಲಿ ಇದೆ ಅಂತ ರಿಪೋರ್ಟ್ ಬರುತ್ತೆ. ಹಾಗಾಗಿ ಸಿಟಿ ನೋಡದೆ ನಂಬಬೇಡಿ.

ಕಳಿಸು ಅನ್ನುವುದು ಸುಲಭ. ನಾನೂ ಒಮ್ಮೆ ಕಳಿಸಿದ್ದೆ. 3-4 ವರ್ಷದ ಹಿಂದೆ, ಸ್ಫಿನಾಯ್ಡ್ ಮ್ಯುಕೋಸೀಲ್ ಇದ್ದ ಒಬ್ಬ ಅಜ್ಜ. ಹೊರಡುವಾಗ ಕೈ ಆಡಿಸಿದರೆ ಕಾಣುತ್ತಿತ್ತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಬೆಡ್ಡಿಗೆ, ಫಿಟ್ನೆಸ್‌ಗೆ ಅಂತ 9 ದಿನ ಹೋಯಿತು. ಆಪರೇಷನ್ ಚೆನ್ನಾಗೇ ಮಾಡಿದರು, ತಲೆನೋವು ಹೋಯಿತು. ಕಣ್ಣು ಬರಲಿಲ್ಲ. ಬೆಳಕೂ ಕಾಣದ ಹಂತಕ್ಕೆ ಹೋದ ಕಣ್ಣು ವಾಪಸ್ ಬರುವುದು ಕಷ್ಟ, ಗೊತ್ತಲ್ಲ.

ನನ್ನದೇ ಕೈಯಿಂದ ಕೆಟ್ಟಿದ್ದೂ ಇದೆ. ಮೊದಲ ಫ್ರಾಂಟಲ್ (ಹಣೆಯ ಸೈನಸ್) ಕೇಸ್ ಒಬ್ಬ ಮರಗೆಲಸದವನದು. ಕಣ್ಣು ಕೆಳಕ್ಕೆ, ಹೊರಕ್ಕೆ ತಳ್ಳಿತ್ತು, ಹುಬ್ಬಿನ ಕೆಳಗೆ ಒತ್ತಿದರೆ ಮೂಳೆ ಮೊಟ್ಟೆ ಚಿಪ್ಪಿನಂತೆ ಚರಚರ ಅನ್ನುತ್ತಿತ್ತು. ಹೆದರಿಕೆಯಲ್ಲಿ 5 ಎಂಎಂ ತೂತು ಮಾಡಿ ಬಂದೆ. 4-5 ತಿಂಗಳಲ್ಲಿ ಮುಚ್ಚಿಕೊಂಡಿತು. ಎರಡನೇ ಸಲ ದುಡ್ಡು ತಗೊಳ್ಳದೆ ಮಾಡಿದೆ. ಸೀನಿಯರ್ ಒಬ್ಬರು, ಲಿಂಚ್ ಅನ್ನುವ ಸರ್ಜನ್ ಕಾಲದಂತೆ ಹೊರಗಿಂದ ಕುಯ್ಯಬೇಕಿತ್ತು ಅಂದರು. 1921ರ ಕುಯ್ತ ಅದು! 1989ರಲ್ಲೇ ಅಮೆರಿಕದ ಸರ್ಜನ್ ಕೆನೆಡಿ ತಂಡ 18 ಮ್ಯುಕೋಸೀಲ್‌ಗಳನ್ನು ಮೂಗಿನ ಒಳಗಿಂದ, ಎಂಡೋಸ್ಕೋಪಿನಲ್ಲೇ ತೆರೆದು ತೋರಿಸಿ ಆಗಿದೆ. ತಪ್ಪು ದಾರಿಯದಲ್ಲ, ನನ್ನ ತೂತಿನದು.

ಅದಾದ ಮೇಲೆ ಸ್ವಲ್ಪ ಹುಚ್ಚೇ ಹಿಡಿಯಿತು. ತೂತು ಮುಚ್ಚದಿರಲಿ ಅಂತ ರೈಲ್ಸ್ ಟ್ಯೂಬಿನ (ಮೂಗಿಂದ ಹೊಟ್ಟೆಗೆ ಹಾಕುವ ಕೊಳವೆ) ತುಂಡನ್ನು ಸ್ಟೆಂಟ್ ಮಾಡಿ ನೋಡಿದೆ, ಒಬ್ಬರಿಗೆ ಸೀನಿದಾಗ ಅನ್ನದ ತಟ್ಟೆಗೇ ಬಿತ್ತು. ಗಾಯದ ಕಲೆ ಕಟ್ಟುವುದನ್ನು ತಡೆಯುವ ಮೈಟೊಮೈಸಿನ್ ಔಷಧಿ ಇಬ್ಬರಿಗೆ ಹಚ್ಚಿದೆ, ಇಬ್ಬರಿಗೆ ಹಚ್ಚಲಿಲ್ಲ, ನನಗಂತೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ. ಭಾನುವಾರ ಮಟನ್ ಅಂಗಡಿಯಿಂದ ಕುರಿ ತಲೆ ತಂದು ಕಾರ್ ಶೆಡ್ಡಿನಲ್ಲಿ ಪ್ರಾಕ್ಟೀಸ್. ಹತ್ತು ಹನ್ನೆರಡು ತಲೆ ಆದಮೇಲೆ ಮನೆಯವಳು ಆ ಕಡೆ ಬರುವುದನ್ನೇ ನಿಲ್ಲಿಸಿದಳು. ಆಮೇಲೆ ಹಸಿ ಮೊಟ್ಟೆ. ಡ್ರಿಲ್ಲಿನಲ್ಲಿ ಚಿಪ್ಪು ತೆಗೆಯಬೇಕು, ಒಳಗಿನ ಪೊರೆ ಹರಿಯಬಾರದು. ಮೊದಲ ಒಂದು ಡಜನ್ ಆಮ್ಲೆಟ್ ಆಯಿತು.

ದುಡ್ಡಿನ ಲೆಕ್ಕ ಕೇಳಬೇಡಿ, ಆದರೂ ಹೇಳುತ್ತೇನೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, 1.7 ಲಕ್ಷದ ಹತ್ತಿರ. ಓರೆಗೆ ನೋಡುವ 70 ಡಿಗ್ರಿ ಸ್ಕೋಪಿನ ಮೇಲೆ ಓಟಿ (ಆಪರೇಷನ್ ಥಿಯೇಟರ್) ಹುಡುಗ ಟ್ರೇ ಇಟ್ಟುಬಿಟ್ಟ, 40 ಸಾವಿರ ಚಿಲ್ಲರೆ ಹೋಯಿತು. ಈ ಅಮ್ಮನ ಮನೆಯವರಿಗೆ ಬೆಂಗಳೂರಿನಲ್ಲಿ ಹೇಳಿದ್ದು 1.6 ಲಕ್ಷ. ನಾನು 38 ಸಾವಿರ ಅಂದೆ, ಅನಸ್ತೇಷಿಯಾದವರ 6 ಸಾವಿರವೂ ಸೇರಿ.

ಕಣ್ಣು ಬರದೇ ಇರಬಹುದು, ಇರುವುದೂ ಹೋಗಬಹುದು ಅಂತ ಗಂಡ, ಮಗ ಇಬ್ಬರನ್ನೂ ಕೂರಿಸಿ ಹೇಳಿ ಸಹಿ ಹಾಕಿಸಿಕೊಂಡೆ. ಮಾರನೇ ದಿನ ಬೆಳಿಗ್ಗೆಯೇ ಓಟಿ. ಪಲ್ಸ್ 60ರ ಆಸುಪಾಸು ಹಿಡಿದುಕೊಡಿ ಅಂತ ಅನಸ್ತೇಷಿಯಾದವರಿಗೆ ಹೇಳಿದ್ದೆ, ಪಾಪ ಹಿಡಿದುಕೊಟ್ಟರು. ರಕ್ತ ಇಲ್ಲದ ಫೀಲ್ಡ್ ಸಿಕ್ಕರೆ ಅರ್ಧ ನ್ಯಾವಿಗೇಷನ್ ಸಿಕ್ಕಂತೆ. ಉಳಿದರ್ಧ ಸಿಟಿ. ಹಿಂದಿನ ರಾತ್ರಿ ಮೂರೂ ಪ್ಲೇನ್ (ಮೂರು ದಿಕ್ಕಿನ ಚಿತ್ರ) ನೋಡಿ ನೋಡಿ, ಕಣ್ಣು ಮುಚ್ಚಿದರೂ ಆ ಗೋಡೆ ಕಾಣುತ್ತಿತ್ತು.

ನೇರ ಚೀಲಕ್ಕೆ ಹೋಗಲಿಲ್ಲ. ಮೊದಲು ಸ್ಫಿನಾಯ್ಡನ್ನು ಅದರ ಸ್ವಂತ ಬಾಯಿಂದ, ಕೊಯಾನಾದಿಂದ (ಮೂಗಿನ ಹಿಂಬಾಗಿಲು) ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ, ತೆರೆದೆ. ಆಳ ಎಷ್ಟು ಅಂತ ಅದೇ ಹೇಳುತ್ತೆ. ಆಮೇಲೆ ಮೇಲಿನ ಸೆಲ್ಲು, ಅದೂ ಮೂಗಿನ ನಡುಗೋಡೆಯ ಕಡೆ, ಕೆಳಗಡೆಯಿಂದಲೇ. ನರ ಇರುವುದು ಹೊರಗಡೆ, ಮೇಲ್ಗಡೆ. ಸಕ್ಷನ್ (ಹೀರುವ ಕೊಳವೆ) ತುದಿಯನ್ನು ನಾನು ಬಗ್ಗಿಸುವ ಲೆಕ್ಕ ಒಂದಿದೆ, ಅದನ್ನು ಬರೆಯಲ್ಲ. ಓಟಿಗೆ ಬನ್ನಿ, ತೋರಿಸುತ್ತೇನೆ.

ಮೊಂಡು ತುದಿಯಲ್ಲಿ ಒತ್ತಿದ್ದಷ್ಟೇ. ಹಲಸಿನ ಮೇಣದಂಥ ಲೋಳೆ, ಹಸಿರು ಕಂದು ಬಣ್ಣ, ನಿಧಾನಕ್ಕೆ ಇಳಿಯಿತು. ಸಕ್ಷನ್ ಎರಡು ಸಲ ಕಟ್ಟಿಕೊಂಡಿತು. ತೊಳೆದ ಮೇಲೆ ಹೊರಗಿನ ಗೋಡೆಯಲ್ಲಿ, ಪೊರೆಯ ಅಡಿಯಲ್ಲಿ, ಬಿಳಿ ದಿಬ್ಬದ ಹಾಗೆ ನರ. ಒಂದು ನಿಮಿಷ ಓಟಿಯಲ್ಲಿ ಯಾರೂ ಮಾತಾಡಲಿಲ್ಲ. ಆ ಪೊರೆಯನ್ನು ಮುಟ್ಟಲಿಲ್ಲ. ಚೀಲ ಪೂರ್ತಿ ಕಿತ್ತು ತೆಗೆಯಬೇಕು ಅನ್ನುವವರು ಈಗಲೂ ಇದ್ದಾರೆ. ಬೇಡವೇ ಬೇಡ. ಬಾಯಿ ದೊಡ್ಡದು ಮಾಡಿ. ನಡುವಿನ ಗೋಡೆಯನ್ನು ಕೆರಿಸನ್‌ನಲ್ಲಿ (ಮೂಳೆ ಕಚ್ಚುವ ಉಪಕರಣ) ಕಚ್ಚಿ ಕಚ್ಚಿ ಎರಡೂ ಸೆಲ್ಲನ್ನು ಒಂದೇ ಕೋಣೆ ಮಾಡಿದೆ. ಮೂಗಿಗೆ ಪ್ಯಾಕ್ ಇಡಲಿಲ್ಲ, ಮೂಳೆಯ ಹೊದಿಕೆ ಇಲ್ಲದ ನರದ ಮೇಲೆ ಇನ್ನೊಂದು ಒತ್ತಡ ಯಾಕೆ? ಒಟ್ಟು ಎರಡು ಗಂಟೆಗೆ ಹತ್ತು ನಿಮಿಷ ಕಮ್ಮಿ.

ಮರುದಿನ ರೌಂಡ್ಸಿಗೆ ಕುಂಕುಮದ ಡಬ್ಬಿ ತಗೊಂಡೇ ಹೋದೆ. “ಕಾವಿಯೂ ಅಲ್ಲ, ಕೆಂಪೂ ಅಲ್ಲ” ಅಂದರು. 3ನೇ ದಿನ 6/36, ತಿಂಗಳಿಗೆ 6/12, ಈಗ 6/9 (6/6 ಅಂದರೆ ಪೂರ್ತಿ ದೃಷ್ಟಿ). ಕೆಂಪು ಇನ್ನೂ ಬಲಗಣ್ಣಿನಷ್ಟು ಗಾಢ ಇಲ್ಲ. ಸ್ಕೋಪ್ ಹಾಕಿ ನೋಡಿದರೆ ಬಾಯಿ ಅಗಲವಾಗೇ ಇದೆ. ವರ್ಷಗಟ್ಟಲೆ ನೋಡುತ್ತಿರಬೇಕು, ಇವು ವರ್ಷಗಳ ಮೇಲೂ ಮರುಕಳಿಸಬಹುದು.

ನಗುವ ಮುಖ ಹಾಕಿದವನಿಗೆ ರಿಪೋರ್ಟ್ ಕಳಿಸಿದೆ. ಮೂರು ದಿನ ಉತ್ತರ ಇಲ್ಲ, ಆಮೇಲೆ ಫೋನ್ ಮಾಡಿ ಆ ಕ್ಯಾಮೆರಾ ಎಲ್ಲಿ ಸಿಕ್ತು ಅಂತ ಕೇಳಿದ.

ಮೊನ್ನೆ ಆ ಅಮ್ಮ ಬಂದಾಗ ಒಂದು ಕೈಚೀಲದ ತುಂಬ ಅಪ್ಪೆಮಿಡಿ ತಂದಿದ್ದರು. ಬಿಲ್ಲಿನಲ್ಲಿ 4 ಸಾವಿರ ಬಾಕಿ ಇದೆ. ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.