ಐವಿಎಫ್ ಕೇಂದ್ರದಲ್ಲಿ ನರ್ಸ್ ಆಗಬೇಕೆ? ಹೀಗೆ ತಯಾರಾಗಿ

ಐವಿಎಫ್, ಅಂದರೆ ಅಂಡಾಣು ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ, ಅಂದ ಕೂಡಲೇ ಡಾಕ್ಟರು, ಲ್ಯಾಬು ನೆನಪಾಗುತ್ತವೆ. ಆದರೆ 1978ರಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಲು ಕಾರಣರಾದ ಮೂವರಲ್ಲಿ ಜೀನ್ ಪರ್ಡಿ ಎಂಬ ನರ್ಸ್ ಕೂಡ ಒಬ್ಬರು. ಈಗಲೂ ದಂಪತಿ ಡಾಕ್ಟರಿಗಿಂತ ಜಾಸ್ತಿ ಮಾತಾಡುವುದು ಸಿಸ್ಟರ್ ಜೊತೆಗೇ.

ಮೊದಲು ಓದು. ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿದವರಿಗೆ 4 ವರ್ಷದ ಬಿಎಸ್ಸಿ ನರ್ಸಿಂಗ್ ಇದೆ. 3 ವರ್ಷದ ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಮಾಡಿದವರಿಗೂ ದಾರಿ ತೆರೆದಿದೆ. ಕೋರ್ಸ್ ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ. 'ಕೆಲವೇ ವಾರದಲ್ಲಿ ಐವಿಎಫ್ ನರ್ಸ್ ಆಗಿ' ಎಂಬ ಜಾಹೀರಾತು ನೋಡಿ ಸುಮ್ನೆ ದುಡ್ಡು ಕಟ್ಟಬೇಡಿ. ನರ್ಸಿಂಗ್ ಓದದೆ ಬರೀ ಆ ಸರ್ಟಿಫಿಕೇಟ್ ಹಿಡಿದರೆ ನರ್ಸ್ ಆಗುವುದಿಲ್ಲ.

ಆಮೇಲೆ ಹೆರಿಗೆ ವಾರ್ಡು. ಒಂದೆರಡು ವರ್ಷ ಸ್ತ್ರೀರೋಗ ಮತ್ತು ಹೆರಿಗೆ ವಿಭಾಗದಲ್ಲಿ ಕೆಲಸ ಮಾಡಿ. ಮುಟ್ಟಿನ ತೊಂದರೆ, ರಕ್ತಸ್ರಾವ, ಗರ್ಭಪಾತ ಎಲ್ಲವನ್ನೂ ನೋಡಿದ ಕಣ್ಣು ಐವಿಎಫ್ ಕೇಂದ್ರದಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಕೇಂದ್ರವನ್ನು ನೋಡಿ ಸೇರಿ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಕೇಂದ್ರ ಈ ಚಿಕಿತ್ಸೆ ಕೊಡುವ ಹಾಗಿಲ್ಲ. ಸಂದರ್ಶನಕ್ಕೆ ಹೋದಾಗ ನೋಂದಣಿ ಪತ್ರ ಎಲ್ಲಿದೆ ಎಂದು ಕೇಳಿ. ಲೆವೆಲ್ 1 ಕೇಂದ್ರದಲ್ಲಿ ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ, ಮಾತ್ರ ನಡೆಯುತ್ತದೆ. ಐವಿಎಫ್ ಕಲಿಯಬೇಕಾದರೆ ಲೆವೆಲ್ 2 ಬೇಕು.

ನಿಜವಾದ ಕಲಿಕೆ ಇಲ್ಲಿ. ಅಂಡಾಣು ಬೆಳೆಸುವ ಇಂಜೆಕ್ಷನ್ ಸುಮಾರು 10 ದಿನ ನಡೆಯುತ್ತದೆ. ಹಲವರು ಅದನ್ನು ಮನೆಯಲ್ಲೇ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳುತ್ತಾರೆ. ಅದನ್ನು ಹೇಳಿಕೊಡುವವರು ನೀವು. ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮೆದುರೇ ಒಮ್ಮೆ ಅವರ ಕೈಯಿಂದ ಮಾಡಿಸಿ. ಅಂಡಾಣು ಪೂರ್ತಿ ಪಕ್ವವಾಗಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್‌ಗೆ ಗಡಿಯಾರವೇ ಮುಖ್ಯ. ಸೋಮವಾರ ಬೆಳಗ್ಗೆ 9ಕ್ಕೆ ಅಂಡಾಣು ತೆಗೆಯುವುದಿದ್ದರೆ ಸಾಮಾನ್ಯವಾಗಿ ಶನಿವಾರ ರಾತ್ರಿ 9ರ ಸುಮಾರಿಗೆ ಅದು ಬೀಳಬೇಕು. ತಡವಾದರೆ ಅಷ್ಟು ದಿನದ ಚಿಕಿತ್ಸೆಯೇ ವ್ಯರ್ಥವಾಗಬಹುದು. ಆ ರಾತ್ರಿ ಫೋನ್ ಮಾಡಿ 'ತಗೊಂಡ್ರಾ ಅಮ್ಮಾ?' ಎಂದು ಕೇಳುವ ನರ್ಸ್ ದೊಡ್ಡ ಆಸರೆ. ಹೊಟ್ಟೆ ಉಬ್ಬರ, ವಾಂತಿ, ಉಸಿರಾಟದ ತೊಂದರೆ, ಮೂತ್ರ ಕಡಿಮೆ ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಡಾಕ್ಟರಿಗೆ ತಿಳಿಸಿ. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡಿರಬಹುದು. ಭ್ರೂಣ ವರ್ಗಾವಣೆಗೆ (ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದಕ್ಕೆ) ಮುಂಚೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಕೇಳಿ, ದಾಖಲೆ ಜೊತೆ ತಾಳೆ ನೋಡಿ. ಗೊತ್ತಿರುವ ಮುಖವಾದರೂ ಸರಿ, ಬಿಡಬೇಡಿ.

ಸುಮಾರು ಎರಡು ವಾರದ ನಂತರ ಗರ್ಭ ನಿಂತಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆ. ಫಲಿತಾಂಶ ನೆಗೆಟಿವ್ ಬಂದಾಗ 'ಮುಂದಿನ ಸಲ ಆಗುತ್ತೆ ಬಿಡಿ' ಎಂದು ಭರವಸೆ ಕೊಡಬೇಡಿ. ಊರಲ್ಲಿ ಎಲ್ಲರ ಬಾಯಿಂದ 'ವಿಶೇಷ ಏನಾದ್ರೂ ಇದೆಯಾ' ಅಂತ ಕೇಳಿಸಿಕೊಂಡು ಬಂದವರು ಅವರು. ಒಂದು ಕುರ್ಚಿ ಎಳೆದು ಕೂತು, ಅಳು ನಿಲ್ಲುವವರೆಗೆ ಜೊತೆಗಿರಿ. ಔಷಧಿ ಯಾವುದು ನಿಲ್ಲಿಸಬೇಕು ಎಂಬ ಡಾಕ್ಟರ ಸೂಚನೆಯನ್ನು ಆಮೇಲೆ ಬರೆದುಕೊಡಿ.

ಕಾನೂನು. ಭ್ರೂಣದ ಲಿಂಗ ನೋಡಿ ಆರಿಸುವುದು ಅಪರಾಧ. ಯಾರು ಒತ್ತಾಯಿಸಿದರೂ ಕೈಜೋಡಿಸಬೇಡಿ. ದಂಪತಿಯ ವಿವರ ಅವರ ಅತ್ತೆ ಮಾವ ಕೇಳಿದರೂ ಹೇಳುವ ಹಾಗಿಲ್ಲ.

ಅನುಭವ ಬಂದ ಮೇಲೆ ಚಿಕಿತ್ಸಾ ಸಂಯೋಜಕಿ ಆಗಬಹುದು. ಹೆರಿಗೆ ಮತ್ತು ಸ್ತ್ರೀರೋಗ ವಿಷಯದಲ್ಲಿ ಎಂಎಸ್ಸಿ ನರ್ಸಿಂಗ್ ಮಾಡಬಹುದು. ಎಆರ್‌ಟಿ ನಿಯಮಗಳಲ್ಲಿ ಆಪ್ತ ಸಮಾಲೋಚಕರ ಹುದ್ದೆಗೆ ನರ್ಸಿಂಗ್ ಪದವಿಯೂ ಒಂದು ಅರ್ಹತೆ. ಹಾಗಾಗಿ ಜಿಎನ್‌ಎಂ ಮಾಡಿದವರು ಮುಂದೆ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ನಂತರದ ನರ್ಸಿಂಗ್ ಪದವಿ) ಮಾಡುವ ಯೋಚನೆಯನ್ನೂ ಇಟ್ಟುಕೊಳ್ಳಿ.