ಕಿಲೋಮೀಟರ್ ಬಿಟ್ಟು ಏರು ಎಣಿಸಿದೆ

ಆ ಗುಡ್ಡಗಾಡಿನ ಸುತ್ತನ್ನು ನಾನು ಸೈಕಲ್‌ನಲ್ಲಿ ಎರಡು ಸಲ ಹೊಡೆದಿದ್ದೇನೆ. ದಾರಿ ಒಂದೇ, 62 ಕಿ.ಮೀ. ಮೊದಲ ಸಲ ಬೆಳಿಗ್ಗೆ ಎಂಟಕ್ಕೆ ಹೊರಟೆ. ಬಯಲಿನಲ್ಲಿ ಗಂಟೆಗೆ 18 ಕಿ.ಮೀ. ಆರಾಮಾಗಿ ಹೋಗುತ್ತೇನೆ, ಹಾಗಾಗಿ ಮೂರೂವರೆ ಗಂಟೆ ಸಾಕು, ಹನ್ನೆರಡರೊಳಗೆ ಮನೆ ಎಂದು ಲೆಕ್ಕ ಹಾಕಿದ್ದೆ. ಮನೆ ಮುಟ್ಟಿದ್ದು ನಾಲ್ಕು ಗಂಟೆ ದಾಟಿದ ಮೇಲೆ. ದೊಡ್ಡ ಏರಿನ ಕೊನೆಯ ಒಂದೂವರೆ ಕಿ.ಮೀ. ನೆತ್ತಿ ಸುಡುವ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡೇ ನಡೆದಿದ್ದೆ. ಎರಡು ದಿನ ಮಂಡಿ ನೋವು.

ವಾರ ಕಳೆದ ಮೇಲೆ ಸಮೋನ್ನತ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆ ಎಳೆದು ಜೋಡಿಸಿದ, ನಕಾಶೆ ಹರಡಿಕೊಂಡು ಕೂತೆ. ಅದರಲ್ಲಿ ಒಂದು ರೇಖೆಗೂ ಇನ್ನೊಂದಕ್ಕೂ 20 ಮೀಟರ್ ಎತ್ತರದ ಅಂತರ. ಪೆನ್ಸಿಲ್ ಹಿಡಿದು ನನ್ನ ದಾರಿ ದಾಟುವ ರೇಖೆಗಳನ್ನು ಒಂದೊಂದಾಗಿ ಎಣಿಸಿದೆ. ದೊಡ್ಡ ಏರಿನಲ್ಲಿ 21 ರೇಖೆ, ಅಂದರೆ 420 ಮೀಟರ್. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅದಕ್ಕೂ ಮುಂಚಿನ 35 ಕಿ.ಮೀ. ಹಳ್ಳಿ ದಾರಿಯ ಕಥೆ. ಹಳ್ಳಕ್ಕೆ ಇಳಿ, ದಿಬ್ಬ ಹತ್ತು, ಊರು ದಾಟು, ಮತ್ತೆ ಇಳಿ. ಹೀಗೆ ಹದಿನಾಲ್ಕು ದಿಬ್ಬ, ತಲಾ 50 ಮೀಟರ್ ಆಸುಪಾಸು. ಕೂಡಿಸಿದರೆ 700 ಮೀಟರ್! ನನ್ನ ಕಾಲಿನ ಕಸುವು ಹೀರಿದ್ದು ಕಣ್ಣಿಗೆ ದೊಡ್ಡದಾಗಿ ಕಂಡ ಗುಡ್ಡವಲ್ಲ, ಲೆಕ್ಕಕ್ಕೇ ಹಿಡಿಯದ ಈ ದಿಬ್ಬಗಳು.

ಅಂದಿನಿಂದ ನನ್ನ ಲೆಕ್ಕ ಬೇರೆ. ಗಂಟೆಗೆ 18 ಕಿ.ಮೀ.ಯಂತೆ ಬಂದ ಸಮಯಕ್ಕೆ, ಪ್ರತಿ 100 ಮೀಟರ್ ಏರಿಗೆ ಎಂಟು ನಿಮಿಷ ಸೇರಿಸುತ್ತೇನೆ. 1,120 ಮೀಟರಿಗೆ ಒಂದೂವರೆ ಗಂಟೆ ಹೆಚ್ಚಾಯಿತು, ಒಟ್ಟು ಐದು ಗಂಟೆ. ಕೂರುವುದಕ್ಕೆ, ತಿನ್ನುವುದಕ್ಕೆ, ಸುಮ್ಮನೆ ನೋಡುವುದಕ್ಕೆ ಇನ್ನೆರಡು. ಎಂಟು ನಿಮಿಷ ನನ್ನ ಕಾಲಿನ ಅಳತೆ. ನಿಮ್ಮದನ್ನು ನಿಮಗೆ ಗೊತ್ತಿರುವ ಒಂದು ಏರಿನಲ್ಲಿ ಗಡಿಯಾರ ಹಿಡಿದು ಕಂಡುಕೊಳ್ಳಿ.

ಎರಡನೇ ಸಲ ದಾರಿಯನ್ನು ಉಲ್ಟಾ ಹಿಡಿದೆ. ಹೊರಟದ್ದು ಆರೂವರೆಗೆ. ಮೊದಲು 12 ಕಿ.ಮೀ. ಸಪಾಟು, ಮೈ ಬಿಸಿಯಾಗಲು ಅಷ್ಟು ಸಾಕು. ಆಮೇಲೆ ಅದೇ ಗುಡ್ಡ, ಆದರೆ ಇನ್ನೊಂದು ಮಗ್ಗುಲಿನಿಂದ. ಹಿಂದಿನ ಸಲ 6 ಕಿ.ಮೀ.ಯಲ್ಲಿ ಹತ್ತಿದ 420 ಮೀಟರನ್ನು ಈ ಕಡೆಯಿಂದ 9 ಕಿ.ಮೀ.ಯಲ್ಲಿ ಹತ್ತಬಹುದು. ಶೇ. 7ರ ಏರು ಶೇ. 5ಕ್ಕಿಂತ ಕೆಳಗಿಳಿಯಿತು. ಕಾಗದದ ಮೇಲೆ ಎರಡು ಅಂಕಿಯ ವ್ಯತ್ಯಾಸ. ತೊಡೆಗೆ ಅದು ಉರಿಗೂ ಬೆಚ್ಚಗಿನ ದಣಿವಿಗೂ ಇರುವ ವ್ಯತ್ಯಾಸ.

ಗೇರಿನ ವಿಷಯದಲ್ಲಿ ಹಿಂದಿನ ಸಲ ನನಗೆ ಹಟವಿತ್ತು. ಕಡೆಯ, ಅಂದರೆ ತುಳಿಯಲು ಅತಿ ಹಗುರವಾದ, ಗೇರಿಗೆ ಇಳಿದರೆ ಸೋತಂತೆ ಅನಿಸುತ್ತಿತ್ತು. ಮಂಡಿ ನೋವಿಗೆ ಅದೇ ಕಾರಣ. ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಡಿರೇಲರ್ ಗೇರಿಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರು) ಅನುಮತಿ ಸಿಕ್ಕಿದ್ದೇ 1937ರಲ್ಲಿ, ಅಂದರೆ ಈ ಹಟ ಹಳೆಯದು. ಈಗ ನಾನು ಏರು ಶುರುವಾಗುವ ಮೊದಲೇ, ಪೆಡಲಿನ ಮೇಲೆ ಭಾರ ಬೀಳುವ ಮುನ್ನ, ಗೇರ್ ಇಳಿಸಿಬಿಡುತ್ತೇನೆ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಕಟಕಟ ಎಂದು ಒದ್ದಾಡುತ್ತದೆ. ನನ್ನ ಸೈಕಲಿನ ಕಡೆಯ ಗೇರಿನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೂ 34. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು, ಸುಮಾರು 2.1 ಮೀಟರ್ ಮುಂದೆ. ನಿಮಿಷಕ್ಕೆ 65 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ಅಷ್ಟು ನಿಧಾನವಾಗಿ ಹೋದರೂ ಹೋಗುತ್ತಲೇ ಇರಬಹುದು. ಪಕ್ಕದಲ್ಲಿ ಯಾರಾದರೂ ಇದ್ದರೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಉಸಿರು ಉಳಿದಿರಬೇಕು. ಒಬ್ಬನೇ ಇದ್ದುದರಿಂದ ಜೋರಾಗಿ ಮಗ್ಗಿ ಹೇಳಿಕೊಂಡು ಹತ್ತಿದೆ. ಹದಿಮೂರರ ಮಗ್ಗಿ ಎಲ್ಲಿ ತುಂಡಾಗುತ್ತಿತ್ತೋ ಅಲ್ಲಿ ನಿಧಾನಿಸುತ್ತಿದ್ದೆ.

ಉಲ್ಟಾ ಹೋದದ್ದಕ್ಕೆ ಒಂದು ದಂಡವೂ ಉಂಟು. ಕಡಿದಾದ ಮಗ್ಗುಲು ಈಗ ಇಳಿಜಾರಾಯಿತು. ನಾನೂ ಸೈಕಲೂ ಚೀಲವೂ ಸೇರಿ 85 ಕಿಲೋ. ಇಷ್ಟು ಭಾರ 420 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅದನ್ನು ಗಾಳಿ ತಿನ್ನಬೇಕು, ಇಲ್ಲವೇ ಬ್ರೇಕ್ ತಿನ್ನಬೇಕು. ಭಯಕ್ಕೆ ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಅರ್ಧ ಇಳಿದು ನಿಂತೆ. ರಿಮ್ ಹತ್ತಿರ ಅಂಗೈ ತಂದರೆ ಒಲೆಯ ಝಳ, ರಬ್ಬರಿನ ವಾಸನೆ. ಹತ್ತು ನಿಮಿಷ ಕಾದು, ಉಳಿದರ್ಧವನ್ನು ಬೇರೆ ರೀತಿ ಇಳಿದೆ. ನೇರ ದಾರಿಯಲ್ಲಿ ಎದೆ ನೆಟ್ಟಗೆ ಮಾಡಿ ಗಾಳಿಗೆ ಅಡ್ಡ ಕೂತೆ, ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿದೆ, ತಿರುವಿನೊಳಗೆ ಬಿಟ್ಟೆ. ಜಲ್ಲಿ ಚೆಲ್ಲಿದ ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಗಾಲಿ ಜಾರಿ ನೆಲ ಕಚ್ಚುವುದೇ. ಅಲ್ಲಿ ಹಿಂದಿನದನ್ನೂ ಸೋಕಿದಷ್ಟೇ. ಅವಸರ ಯಾಕೆ ಬೇಡ ಅಂದರೆ, 6 ಕಿ.ಮೀ.ಯನ್ನು 30ರ ವೇಗದಲ್ಲಿ ಇಳಿದರೆ 12 ನಿಮಿಷ, 40ರಲ್ಲಿ ಇಳಿದರೆ 9 ನಿಮಿಷ. ಉಳಿಯುವುದು ಮೂರೇ ನಿಮಿಷ.

ಅಲ್ಲಿಂದ ಹಳ್ಳಿಗಳು. ದಣಿದ ಕಾಲಿಗೆ ಸಣ್ಣ ದಿಬ್ಬಗಳೇ ವಾಸಿ. ಪ್ರತಿ ದಿಬ್ಬದಾಚೆ ಒಂದು ಊರು, ನೆರಳು, ನೀರು. ಮುಕ್ಕಾಲು ಗಂಟೆಗೊಮ್ಮೆ ಹಸಿವಿಗೆ ಕಾಯದೆ ಏನಾದರೂ ಬಾಯಿಗೆ ಹಾಕಿಕೊಂಡೆ. ಊರೊಳಗೆ ನಡೆಯುವವರ ವೇಗ, ಗಂಟೆ ಬಾರಿಸುವುದು ದೂರದಿಂದಲೇ. ಬೆನ್ನ ಹಿಂದೆ ಬಂದು ಟ್ರಿಣ್ ಎಂದರೆ ಮಕ್ಕಳು ಬೆಚ್ಚಿ ಅಡ್ಡ ಓಡುತ್ತವೆ. ಸೈಕಲಿಗೆ ಸದ್ದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಒಂಬತ್ತನೇ ದಿಬ್ಬದ ಬುಡದಲ್ಲಿ, ಬಾಗಿಲ ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿದೆ, "ಮುಂದೆ ಏರು ಜೋರಾಗಿದೆಯಾ ಅಜ್ಜಿ?"

"ಏನಿಲ್ಲ ಕಣಪ್ಪ, ಹಿಂಗ್ ಹೋದ್ರೆ ಬಂತು."

ಹಿಂದಿನ ಸಲ ಇಂಥ ಮಾತನ್ನು ನಂಬಿ ನೀರು ತುಂಬಿಸದೆ ಹೋಗಿದ್ದೆ. ದಿನಾ ನಡೆಯುವವರಿಗೆ ಅದು ಏರೇ ಅಲ್ಲ. ಈ ಸಲ ಪ್ರಶ್ನೆ ಬದಲಿಸಿದೆ. "ತುಂಬಿದ ಲಾರಿ ಎಲ್ಲಾದರೂ ಒದ್ದಾಡುತ್ತಾ?"

ಅಜ್ಜಿ ಒಂದು ಕ್ಷಣ ಯೋಚಿಸಿದರು. "ಆ ದೊಡ್ಡ ಮರ ದಾಟಿದ್ ಮೇಲೆ ಗೊರ್ ಅಂತಾವೆ ನೋಡು. ಇಲ್ಲಿಗೇ ಕೇಳಿಸ್ತದೆ."

ಎರಡೂ ಬಾಟಲಿ ತುಂಬಿಸಿಕೊಂಡೆ. ಮರ ಕಾಣುತ್ತಿದ್ದಂತೆ ಗೇರ್ ಇಳಿಸಿದೆ.