ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಕ್ಯಾನಬಿನಾಯ್ಡ್: ಯಾವಾಗ, ಎಷ್ಟು, ಹೇಗೆ

ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ, ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕಾಯಿಲೆಯಿಂದಾಗಿ ಕರುಳಿನ ಒಂದು ಭಾಗವನ್ನು ತೆಗೆಸಿಕೊಂಡವರಿಗೆ ನೋವು ತಗ್ಗಿಸುವ ದಾರಿಗಳು ಇತರರಿಗಿಂತ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಕಾಯಿಲೆಯನ್ನು ಕೆರಳಿಸಬಹುದು. ಮಾರ್ಫಿನ್‌ನಂತಹವು ಕರುಳಿನ ಚಲನೆಯನ್ನೇ ನಿಧಾನಗೊಳಿಸುತ್ತವೆ. ಹೀಗಾಗಿಯೇ ಅನೇಕರು ಗಾಂಜಾ ಗಿಡದ, ಕ್ಯಾನಬಿನಾಯ್ಡ್ ಎಂಬ ಅಂಶಗಳಿರುವ ಎಣ್ಣೆಯ ಬಗ್ಗೆ ವಿಚಾರಿಸುತ್ತಾರೆ. ಕೆನಡಾದಲ್ಲಿ ಗಾಂಜಾ ವೈದ್ಯಕೀಯ ಬಳಕೆಗೆ 2001ರಿಂದಲೂ, ವಯಸ್ಕರೆಲ್ಲರಿಗೂ 2018ರ ಅಕ್ಟೋಬರ್ 17ರಿಂದಲೂ ಕಾನೂನುಬದ್ಧವಾಗಿದೆ. ಅಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಇದು ಬೇಡ, ಆಮೇಲೆ ಬೇಕೆನಿಸಿದರೂ ಮುಖ್ಯ ಔಷಧವಾಗಿ ಅಲ್ಲ, ಪ್ಯಾರಾಸಿಟಮಾಲ್‌ನಂತಹವುಗಳ ಜೊತೆಗೆ, ವೈದ್ಯರಿಗೆ ತಿಳಿಸಿ ಮಾತ್ರ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. 2006ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ನ್ಯಾಬಿಲೋನ್ ಎಂಬ ಕೃತಕ ಕ್ಯಾನಬಿನಾಯ್ಡ್ ಕೊಟ್ಟಾಗ, ಹೆಚ್ಚಿನ ಪ್ರಮಾಣ ಪಡೆದವರ ನೋವು ತಗ್ಗುವ ಬದಲು ಏರಿತ್ತು. 2013ರಲ್ಲಿ ಇಸ್ರೇಲ್‌ನಿಂದ ಬಂದ 21 ಕ್ರೋನ್ಸ್ ರೋಗಿಗಳ ಅಧ್ಯಯನದಲ್ಲಿ ಗಾಂಜಾ ಸೇದಿದವರ ಹಸಿವು ಮತ್ತು ನಿದ್ರೆ ಸುಧಾರಿಸಿದವು. ಆದರೆ ರಕ್ತಪರೀಕ್ಷೆಯಲ್ಲಿ ಉರಿಯೂತ ಇಳಿದಿರಲಿಲ್ಲ. ಅಂದರೆ ಹಿತವೆನಿಸಿದ ಮಾತ್ರಕ್ಕೆ ಕಾಯಿಲೆ ಅಡಗಿದೆ ಎಂದಲ್ಲ. ಕಾಯಿಲೆಯ ಮಾತ್ರೆ, ಇಂಜೆಕ್ಷನ್‌ಗಳನ್ನು ಇದನ್ನು ನಂಬಿ ನಿಲ್ಲಿಸಬಾರದು.

ನೀವು ಮೊದಲಿನಿಂದಲೇ ಬಳಸುತ್ತಿದ್ದರೆ, ಎಷ್ಟು, ಯಾವ ರೂಪದಲ್ಲಿ, ಕೊನೆಯ ಬಾರಿ ಯಾವಾಗ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಅರಿವಳಿಕೆ ವೈದ್ಯರಿಗೆ ತಿಳಿಸಬೇಕು. ನಿತ್ಯ ಬಳಸುವವರಿಗೆ ಅರಿವಳಿಕೆಯೂ ನೋವಿನ ಔಷಧವೂ ಹೆಚ್ಚು ಬೇಕಾಗಬಹುದು. ಒಮ್ಮೆಲೇ ನಿಂತಾಗ ನಿದ್ರೆಗೆಟ್ಟು ಸಿಡುಕು ಬರುವುದೂ ಉಂಟು. ಅಮ್ಮ ಅಪ್ಪ ಪಕ್ಕದಲ್ಲಿ ಕುಳಿತಿರುವಾಗ ಈ ಮಾತು ಬಾಯಿಗೆ ಬರುವುದಿಲ್ಲ ಎಂಬುದು ಅರ್ಥವಾಗುವಂಥದ್ದೇ. ವೈದ್ಯರೊಡನೆ ಐದು ನಿಮಿಷ ಒಂಟಿಯಾಗಿ ಮಾತನಾಡಬೇಕೆಂದು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ.

ಆಸ್ಪತ್ರೆಯಲ್ಲಿರುವ ಮೊದಲ ವಾರ ಅತ್ಯಂತ ಸೂಕ್ಷ್ಮವಾದದ್ದು. ಕರುಳನ್ನು ಕತ್ತರಿಸಿ ಜೋಡಿಸಿದ ಜಾಗದ ಹೊಲಿಗೆ ಸೋರಿದರೆ ಅದು ಬಹುಪಾಲು ಈ ದಿನಗಳಲ್ಲೇ ತಿಳಿಯುತ್ತದೆ, ಮತ್ತು ಅದರ ಮೊದಲ ಸುಳಿವುಗಳು ಏರುತ್ತಿರುವ ನಾಡಿಬಡಿತ ಹಾಗೂ ಹೆಚ್ಚುತ್ತಿರುವ ಹೊಟ್ಟೆನೋವು. ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿ ತಾನೇ ನಾಡಿಬಡಿತವನ್ನು ಏರಿಸುತ್ತದೆ; ನೋವಿನ ಅರಿವನ್ನು ಮಬ್ಬುಗೊಳಿಸಲೂಬಹುದು. ಹೀಗೆ ನಿಮ್ಮನ್ನು ಉಳಿಸಬೇಕಾದ ಎರಡು ಸುಳಿವುಗಳೂ ಒಟ್ಟಿಗೇ ಗೊಂದಲಕ್ಕೀಡಾಗುತ್ತವೆ. ಇದಲ್ಲದೆ ಕರುಳಿನ ನರಗಳಲ್ಲಿ ಟಿಎಚ್‌ಸಿ ಅಂಟಿಕೊಳ್ಳುವ ಸಿಬಿ1 ಎಂಬ ಗ್ರಾಹಕಗಳ ಮೇಲೆ ಕೆಲಸಮಾಡಿ ಅದು ಕರುಳಿನ ಚಲನೆಯನ್ನು ತಗ್ಗಿಸುತ್ತದೆ. ಆ ದಿನಗಳಲ್ಲಿ ನಾವೆಲ್ಲ ಕಾಯುವುದೋ ಕರುಳು ಮತ್ತೆ ಚಲಿಸಿ ಗಾಳಿ ಹೋಗುವುದನ್ನು. ಮಂಚದ ಬಳಿಗೆ ಗೆಳೆಯರು ಗುಟ್ಟಾಗಿ ತಂದುಕೊಡುವ, ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿಯನ್ನು ಈ ಕಾರಣಕ್ಕೇ ನಿರಾಕರಿಸಬೇಕು.

ಮನೆಗೆ ಬಂದು, ಊಟ ಸೇರುತ್ತಾ, ಮಲವಿಸರ್ಜನೆ ಅಥವಾ ಸ್ಟೋಮಾ (ಮಲ ಹೊರಬರಲೆಂದು ಹೊಟ್ಟೆಯ ಮೇಲೆ ಮಾಡಿದ ದಾರಿ) ಚೀಲಕ್ಕೆ ಬರುವ ಪ್ರಮಾಣ ಒಂದು ಹದಕ್ಕೆ ಬಂದ ಮೇಲೂ ನೋವು ಉಳಿದಿದ್ದರೆ, ಶಸ್ತ್ರಚಿಕಿತ್ಸಕರು ಒಪ್ಪಿದಲ್ಲಿ ಪ್ರಯತ್ನಿಸಬಹುದು. ಸೇದುವುದು ಯಾವ ರೂಪದಲ್ಲೂ ಬೇಡ: ಕೆಮ್ಮಿದಾಗ ಹೊಟ್ಟೆಯ ಹೊಲಿಗೆಗೆ ಎಳೆತವಾಗುತ್ತದೆ, ತಂಬಾಕು ಬೆರೆಸಿದರಂತೂ ಕ್ರೋನ್ಸ್ ಮರುಕಳಿಸುವ ಅಪಾಯ ಹೆಚ್ಚುತ್ತದೆ. ಪರವಾನಗಿ ಪಡೆದ ಮಾರಾಟಗಾರರಿಂದ ಕೊಂಡ, ಪ್ರತಿ ಮಿಲಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಟಿಎಚ್‌ಸಿ, ಎಷ್ಟು ಸಿಬಿಡಿ (ಗಾಂಜಾದ ಅಮಲು ತಾರದ ಅಂಶ) ಎಂದು ಚೀಟಿಯಲ್ಲಿ ಬರೆದಿರುವ ಎಣ್ಣೆಯೇ ಸೂಕ್ತ. ನಮ್ಮ ಕಡೆಯ ಭಂಗಿ ಸೊಪ್ಪಿನ ಪಾನಕಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಅಳತೆಯೇ.

ದೀರ್ಘಕಾಲದ ನೋವಿಗೆಂದು ತಜ್ಞರು 2021ರಲ್ಲಿ ಸೂಚಿಸಿದ ಕ್ರಮವನ್ನು ಚರ್ಚೆಯ ಆಧಾರವಾಗಿ ವೈದ್ಯರ ಮುಂದಿಡಬಹುದು, ಅದು ಶಸ್ತ್ರಚಿಕಿತ್ಸೆಯ ನೋವಿಗಾಗಿ ರೂಪಿಸಿದ್ದಲ್ಲ ಎಂಬ ನೆನಪಿನೊಂದಿಗೆ. ಅದರಂತೆ ಸಿಬಿಡಿ ಪ್ರಧಾನವಾದ ಎಣ್ಣೆಯನ್ನು ದಿನಕ್ಕೆ ಎರಡು ಬಾರಿ 5 ಮಿಲಿಗ್ರಾಂನಂತೆ ಆರಂಭಿಸಿ, ಎರಡು ಮೂರು ದಿನಗಳಿಗೊಮ್ಮೆ ಏರಿಸುತ್ತಾ ದಿನಕ್ಕೆ 40 ಮಿಲಿಗ್ರಾಂ ತಲುಪಿದರೂ ಪ್ರಯೋಜನವಾಗದಿದ್ದಾಗ ಮಾತ್ರ 2.5 ಮಿಲಿಗ್ರಾಂ ಟಿಎಚ್‌ಸಿ ಸೇರಿಸುತ್ತಾರೆ. ನುಂಗಿದ್ದು ಕೆಲಸ ಆರಂಭಿಸಲು ಎರಡು ಗಂಟೆಯಾಗಬಹುದು, ಪೂರ್ಣ ಪರಿಣಾಮಕ್ಕೆ ನಾಲ್ಕು ಗಂಟೆ. “ಏನೂ ಆಗಲಿಲ್ಲವಲ್ಲ” ಎಂದು ಒಂದು ಗಂಟೆಗೇ ಮತ್ತೊಂದು ಡೋಸ್ ತೆಗೆದುಕೊಳ್ಳುವುದರಿಂದಲೇ ಹೆಚ್ಚಿನ ತೊಂದರೆಗಳು ಆಗುತ್ತವೆ.

ಕರುಳು ಕಡಿಮೆಯಾದವರಿಗೆ ಇನ್ನೊಂದು ತೊಡಕಿದೆ. ಸಿಬಿಡಿ ಕೊಬ್ಬಿನಲ್ಲಿ ಕರಗುವ ವಸ್ತು; ಜಿಡ್ಡಿನ ಊಟದೊಂದಿಗೆ ತೆಗೆದುಕೊಂಡರೆ ಖಾಲಿ ಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ. ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದಿದ್ದರೆ ಕೊಬ್ಬು ಸರಿಯಾಗಿ ಹೀರಲ್ಪಡದೆ, ಇನ್ನೊಬ್ಬರಿಗೆ ಸಾಕಾದ ಪ್ರಮಾಣ ನಿಮಗೆ ಸಾಲದಿರಬಹುದು, ಎಣ್ಣೆಯಿಂದ ಭೇದಿಯೂ ಆಗಬಹುದು. ಆದ್ದರಿಂದ ಪ್ರತಿದಿನ ಒಂದೇ ಬಗೆಯ ಊಟದೊಂದಿಗೆ, ಒಂದೇ ಹೊತ್ತಿಗೆ ತೆಗೆದುಕೊಂಡು, ನೋವಿನ ಅಂಕ, ನಿದ್ರೆ ಮತ್ತು ಚೀಲದ ಪ್ರಮಾಣವನ್ನು ಬರೆದಿಡಬೇಕು. ಸಿಬಿಡಿಯು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್ ಔಷಧಗಳ ಪರಿಣಾಮವನ್ನು ಹೆಚ್ಚಿಸುತ್ತದೆ, ಯಕೃತ್ತಿನ ಕಿಣ್ವಗಳನ್ನೂ ಏರಿಸಬಲ್ಲದು. ಕರುಳಿನ ಈ ಕಾಯಿಲೆಗೆ ಕೊಡುವ ಅಜಥಯೊಪ್ರಿನ್ ಕೂಡ ಯಕೃತ್ತನ್ನು ಬಾಧಿಸಬಲ್ಲದು, ಆದ್ದರಿಂದ ಅದನ್ನು ನುಂಗುವವರು ರಕ್ತಪರೀಕ್ಷೆ ತಪ್ಪಿಸಬಾರದು. ಗರ್ಭಿಣಿಯರು, ಹಾಲೂಡಿಸುವವರು, ಹೃದ್ರೋಗವಿರುವವರು ಮತ್ತು ತಮಗಾಗಲಿ ಒಡಹುಟ್ಟಿದವರಿಗಾಗಲಿ ಮನೋವಿಕೃತಿ ಬಂದಿದ್ದವರು ಟಿಎಚ್‌ಸಿಯಿಂದ ದೂರವಿರಬೇಕು. ತೆಗೆದುಕೊಂಡ ದಿನ ವಾಹನ ಓಡಿಸುವಂತಿಲ್ಲ.

ವಾಂತಿ, ಹೊಟ್ಟೆ ಉಬ್ಬರ, ಚೀಲಕ್ಕೆ ಏನೂ ಬಾರದಿರುವುದು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಎಣ್ಣೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ದೀರ್ಘಕಾಲ ಅತಿಯಾಗಿ ಬಳಸಿದವರಲ್ಲಿ ಗಾಂಜಾದಿಂದಲೇ ಪದೇಪದೇ ವಾಂತಿ, ಹೊಟ್ಟೆನೋವು ಬರುವುದುಂಟು. ಅದು ಕರುಳಿನ ಅಡಚಣೆಯನ್ನೇ ಹೋಲುತ್ತದೆ. ಎರಡನ್ನೂ ಬೇರ್ಪಡಿಸುವುದು ವೈದ್ಯರ ಕೆಲಸ, ಅದಕ್ಕಾಗಿ ಅವರಿಗೆ ನಿಜ ಗೊತ್ತಿರಬೇಕು.

ಚೇತರಿಸಿಕೊಳ್ಳಲು ಊರಿಗೆ ಬರುವವರು ಉಳಿದ ಸೀಸೆಯನ್ನು ಪೆಟ್ಟಿಗೆಯಲ್ಲಿಡಬಾರದು. ವೈದ್ಯರ ಪತ್ರವಿದ್ದರೂ, ಅದು ಬರೀ ಸಿಬಿಡಿಯಾಗಿದ್ದರೂ ಕೆನಡಾದ ಗಡಿ ದಾಟಿಸುವುದು ಅಪರಾಧ. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯು ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸಿ ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆಯಾದರೂ, ವಿಮಾನ ನಿಲ್ದಾಣದಲ್ಲಿ ವಿದೇಶಿ ಸೀಸೆ ಹಿಡಿದು ಆ ಸೂಕ್ಷ್ಮವನ್ನು ವಾದಿಸುವ ಸ್ಥಿತಿ ಯಾವ ರೋಗಿಗೂ ಬೇಡ. ಹೊರಡುವುದಕ್ಕೆ ಒಂದೆರಡು ವಾರ ಮುಂಚೆಯೇ ಪ್ರಮಾಣ ಇಳಿಸುತ್ತಾ ಬಂದು, ಪ್ರವಾಸದ ದಿನಗಳಿಗೆ ಬೇರೆ ನೋವಿನ ಔಷಧವನ್ನು ಬರೆಸಿಕೊಳ್ಳಬೇಕು.